ಎಫ್, ಎ, ಸಿ, ಜಿ: ಒಂದೇ ಟ್ರ್ಯಾಕ್ ನಾಲ್ಕು ಮೈನರ್ ಕೀಗಳಲ್ಲಿ

ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುವವರನ್ನು "ಡ್ಯಾನ್ಸ್ ಟ್ರ್ಯಾಕಿಗೆ ಯಾವ ಕೀ ಒಳ್ಳೇದು?" ಎಂದು ಕೇಳಿ ನೋಡಿ. ಕೀ ಅಂದರೆ ಹಾಡಿನ ಷಡ್ಜ ಯಾವ ಸ್ವರದ ಮೇಲೆ ನಿಲ್ಲುತ್ತದೆ ಅನ್ನುವುದು; ಮೈನರ್ ಅಂದರೆ ಸ್ಕೇಲ್, ಹೆಚ್ಚುಕಡಿಮೆ ನಮ್ಮ ನಟಭೈರವಿ. ಬಹಳ ಜನ ಎಫ್ ಮೈನರ್ ಅನ್ನುತ್ತಾರೆ. ಯಾಕೆ ಅಂದರೆ "ಅದು ಡಾರ್ಕ್" ಅನ್ನುತ್ತಾರೆ. ಈ ಉತ್ತರ ನನ್ನ ತಲೆಗೆ ಹೋಗುವುದೇ ಇಲ್ಲ. ಹಾರ್ಮೋನಿಯಂ ಪಕ್ಕ ಕೂತು ಹಾಡಿದವರಿಗೆ ಗೊತ್ತಿರುತ್ತದೆ: ಕೀರವಾಣಿಯನ್ನು ಬಿಳಿ ಒಂದರಲ್ಲಿ (ಸಿ) ಹಾಡಿದರೂ ಕೀರವಾಣಿಯೇ, ಬಿಳಿ ಐದರಲ್ಲಿ (ಜಿ) ಹಾಡಿದರೂ ಕೀರವಾಣಿಯೇ. ಶ್ರುತಿ ಬದಲಾದರೆ ರಾಗದ ಗುಣ ಬದಲಾಗುವುದಿಲ್ಲ. ಕೀಬೋರ್ಡಿನ ಹನ್ನೆರಡೂ ಸ್ವರಗಳ ನಡುವಿನ ಅಂತರ ಸಮ. ಹಾಗಿರುವಾಗ ಎಫ್ ಒಂದಕ್ಕೇ ಕತ್ತಲೆ ಎಲ್ಲಿಂದ ಬರಬೇಕು? 18ನೇ ಶತಮಾನದಲ್ಲಿ ಜರ್ಮನಿಯ ಶೂಬಾರ್ಟ್ ಅನ್ನುವವರು ಒಂದೊಂದು ಕೀಗೂ ಒಂದೊಂದು ಮನಸ್ಥಿತಿ ಹಂಚಿದ್ದರು. ಆಗಿನ ಶ್ರುತಿ ಕೂಡಿಸುವ ಕ್ರಮಗಳೇ ಬೇರೆ ಇದ್ದವು. ಇವತ್ತಿನ ಸಾಫ್ಟ್‌ವೇರ್ ಸಿಂಥಿಗೆ ಆ ಪಟ್ಟಿ ಹೊಂದುವುದಿಲ್ಲ.

ಆದರೂ ಕೀ ಬದಲಿಸಿದರೆ ಟ್ರ್ಯಾಕ್ ಬೇರೆಯಾಗಿ ಕೇಳುವುದು ನಿಜ. ಬದಲಾಗುವುದೆಲ್ಲ ಕೆಳಗೆ, ಬೇಸಿನಲ್ಲಿ. ಇದನ್ನೇ ಸರಿಯಾಗಿ ನೋಡೋಣ ಅಂತ ಒಂದೇ ಟ್ರ್ಯಾಕನ್ನು ಎಫ್, ಎ, ಸಿ, ಜಿ ನಾಲ್ಕು ಮೈನರ್‌ಗಳಲ್ಲಿ ಮಾಡಿದೆ. 126 ಬಿಪಿಎಂ (ನಿಮಿಷಕ್ಕೆ 126 ಬೀಟ್), ಒಂದು ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು), ಓಡುವ ಬೇಸ್‌ಲೈನ್, ಮೂರು ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಹರಡಿಕೊಳ್ಳುವ ಉದ್ದನೆಯ ಸದ್ದು, ಮೇಲೆ ಒಂದು ಹಾಡಿನ ಸಾಲು. ಕೀ ಬದಲಿಸಿದಾಗಲೆಲ್ಲ ಕಿಕ್ ಅನ್ನೂ ಆಯಾ ಸ್ವರಕ್ಕೆ ಟ್ಯೂನ್ ಮಾಡಿದೆ. ಒಟ್ಟು ಸದ್ದಿನ ಮಟ್ಟವನ್ನು ಮೀಟರ್ ಇಟ್ಟು ಸಮ ಮಾಡಿದೆ. ಅದನ್ನು ಮಾಡದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ, ಜಾಸ್ತಿ ಸದ್ದಿರುವುದೇ ಗೆಲ್ಲುತ್ತದೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಕೀಬೋರ್ಡಿನ ನಡುವಿನ ಎ 440 ಹರ್ಟ್ಸ್. ಒಂದೊಂದು ಆಕ್ಟೇವ್ ಇಳಿದಾಗಲೂ ಅರ್ಧ: 220, 110, 55. ಈ 55 ಎ ಮೈನರ್‌ನ ಸಬ್ ಬೇಸ್, ಅಂದರೆ ಎಲ್ಲಕ್ಕಿಂತ ತಳದ ಬೇಸ್. ಅದೇ ಜಾಗದಲ್ಲಿ ಜಿ 49, ಎಫ್ 43.65. ಸಿ ಮಾತ್ರ ಫಜೀತಿ: ಒಂದೋ 32.7, ಇಲ್ಲ 65.4. ಮಧ್ಯದಲ್ಲಿ ಏನೂ ಇಲ್ಲ. ಕಿವಿಗಿಂತ ಎದೆಗೆ ಹೊಡೆಯುವ ಬೇಸ್ ಹೆಚ್ಚುಕಡಿಮೆ 40ರಿಂದ 60ರ ನಡುವೆ ಇರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಬಹಳ ಸ್ಪೀಕರ್‌ಗಳು ಕೈಕೊಡುತ್ತವೆ, ಮೇಲೆ ಹೋದರೆ ತೂಕ ಕಮ್ಮಿ. ಎಫ್ ಮೈನರ್‌ನ ಹೆಸರು ಬಂದದ್ದು ಇಲ್ಲಿಂದ. ಡಾರ್ಕ್ ಅಂತ ಜನ ಕರೆಯುವುದು ಈ 43ರ ಆಳವನ್ನು.

ನನ್ನ ರೂಮಿನಲ್ಲಿ ಎ ಮೈನರ್ ರಾಜನ ಹಾಗೆ ಕೇಳಿತು. ದಪ್ಪ, ತುಂಬಿದ ಬೇಸ್. ಎಫ್ ಅದರ ಮುಂದೆ ಸಪ್ಪೆ. ಆದರೆ ಈ ತೀರ್ಪು ಕೊಟ್ಟದ್ದು ರೂಮು. ಹತ್ತು ಅಡಿಗೆ ಹನ್ನೆರಡು ಅಡಿಯ ರೂಮು ಅದು, ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಅಳತೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹತ್ತು ಅಡಿ ದೂರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್ ಹತ್ತಿರದ ಸದ್ದು ಹೋಗಿ ಬಂದು ತನಗೆ ತಾನೇ ಸೇರಿಕೊಂಡು ಉಬ್ಬುತ್ತದೆ. ಎ ಸ್ವರದ 55 ಸರಿಯಾಗಿ ಅಲ್ಲೇ ಕೂತಿದೆ. ಹನ್ನೆರಡು ಅಡಿಯ ಕಡೆ ಉಬ್ಬುವುದು 47ರ ಸುತ್ತ, ಅಂದರೆ ಎಫ್ ಶಾರ್ಪ್ ಮತ್ತು ಜಿ ನಡುವೆ. ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದರೆ ಎ ಇನ್ನೂ ದೊಡ್ಡದು. ರೂಮಿನ ನಡುಮಧ್ಯಕ್ಕೆ ತಂದರೆ ಅದೇ ಎ ಮಾಯ. ಯಾವುದೇ ಪ್ಲಗಿನ್ ಮುಟ್ಟಬೇಕಾಗಿಲ್ಲ, ಕುರ್ಚಿ ಸರಿಸಿದರೆ ಸಾಕು!

ಸ್ಪೀಕರ್ ಕಥೆಯೂ ಸೇರಿಸಿಕೊಳ್ಳಿ. ನನ್ನ ಹತ್ತಿರ ಇರುವುದು ಯಮಾಹಾ ಎಚ್‌ಎಸ್5. ಅದರ ಕೆಳಮಿತಿ 54 ಹರ್ಟ್ಸ್ ಎಂದು ಕಂಪನಿಯೇ ಬರೆದಿದೆ, ಅದೂ 10 ಡೆಸಿಬೆಲ್ ಬಿದ್ದ ಮೇಲಿನ ಲೆಕ್ಕ. ಅಂದರೆ ಎ ಸ್ವರದ ಸಬ್ ಅಂಚಿನಲ್ಲಿ ನಿಂತಿದೆ, ಎಫ್‌ನ ಸಬ್ ಹೊರಗೇ ಉಳಿಯಿತು. ಎಫ್ ಮೈನರ್ ಟ್ರ್ಯಾಕಿನಲ್ಲಿ ನಾನು "ಬೇಸ್" ಅಂದುಕೊಂಡು ಕೇಳುತ್ತಿದ್ದದ್ದು ಅದರ ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಅದರ ಎರಡರಷ್ಟಿನ ಸದ್ದು, 87 ಹರ್ಟ್ಸ್. ಇದು ಸ್ಪೀಕರಿನ ತಪ್ಪಲ್ಲ ಬಿಡಿ, ಐದಿಂಚಿನ ಕೋನ್‌ನಿಂದ ಅಷ್ಟೇ ನಿರೀಕ್ಷಿಸಬಹುದು. ಸಣ್ಣ ಸ್ಪೀಕರಿನಲ್ಲಿ ಎಫ್ ಮೈನರ್ ಮಾಡುವವರು ಒಳ್ಳೆಯ ಹೆಡ್‌ಫೋನ್ ಇಲ್ಲದೆ ಸಬ್ ಮುಟ್ಟಲೇಬಾರದು.

ಕಾರಿನಲ್ಲಿ ಫಲಿತಾಂಶ ಉಲ್ಟಾ ಆಯಿತು. ಕಾರಿನ ಒಳಗಿನ ಜಾಗ ಚಿಕ್ಕದು, ಗಾಜು ಏರಿಸಿದರೆ ಕೆಳಗಿನ ಸದ್ದಿಗೆ ತಾನಾಗಿ ಬಲ ಬರುತ್ತದೆ. ಅಲ್ಲಿ ಎಫ್ ಮತ್ತು ಜಿ ಎದ್ದು ನಿಂತವು. ಎ ಚೆನ್ನಾಗಿತ್ತು, ಆದರೆ ರೂಮಿನ ಆ ಗತ್ತು ಇರಲಿಲ್ಲ. ಸಿ ಮೈನರ್‌ನ 32.7 ಬಂದಾಗ ನಂಬರ್ ಪ್ಲೇಟ್ ಗಡಗಡ ಅಂತು, ಸ್ವರ ಯಾವುದು ಅಂತ ಗೊತ್ತಾಗಲಿಲ್ಲ. ಫೋನಿನಲ್ಲಿ ಕೇಳಿದರೆ ನಾಲ್ಕಕ್ಕೂ ಒಂದೇ ಗತಿ. ಆ ಪುಟ್ಟ ಸ್ಪೀಕರಿನಿಂದ ಈ ಸ್ವರಗಳು ಯಾವುವೂ ಹೊರಡುವುದಿಲ್ಲ. ಬೇಸಿಗೆ ಸ್ವಲ್ಪ ಸ್ಯಾಚುರೇಶನ್ ಹಾಕಿದರೆ, ಅಂದರೆ ಸದ್ದನ್ನು ತುಸು ಒರಟು ಮಾಡಿದರೆ, ಮೇಲಿನ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಅವನ್ನು ಹಿಡಿದು ಕಿವಿ ಇಲ್ಲದ ಬೇಸನ್ನು ತಾನೇ ಊಹಿಸಿಕೊಳ್ಳುತ್ತದೆ. ಫೋನಿನಲ್ಲೇ ಕೇಳುವವರಿಗಾಗಿ ಮಾಡುವುದಾದರೆ ಕೀ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಇದಕ್ಕೆ ಸಮಯ ಕೊಡಿ.

ಇಲ್ಲಿಯವರೆಗೆ ಬರೀ ಮೂಲ ಸ್ವರದ ಮಾತಾಯಿತು. ಬೇಸ್ ಒಂದೇ ಸ್ವರದಲ್ಲಿ ನಿಲ್ಲುವ ಟೆಕ್ನೋಗೆ ಇಷ್ಟು ಸಾಕು, ಎಫ್ ಹಿಡಿದು ಕೂರಬಹುದು. ಕಾರ್ಡ್ ಬದಲಾಗುವ ಹಾಡಿಗೆ ಸಾಲದು. ನನ್ನ ಟ್ರ್ಯಾಕಿನ ಮೂರು ಕಾರ್ಡ್‌ಗಳು ನಮ್ಮ ಲೆಕ್ಕದಲ್ಲಿ ಷಡ್ಜ, ಕೋಮಲ ಧೈವತ, ಕೋಮಲ ನಿಷಾದದ ಮೇಲೆ ನಿಲ್ಲುತ್ತವೆ. ಪಾಪ್ ಹಾಡುಗಳಲ್ಲಿ ತೀರಾ ಸವೆದ ದಾರಿ ಅದು, ಬೇಕೆಂದೇ ಆರಿಸಿದೆ. ಇವುಗಳ ಬೇಸ್ ಎಲ್ಲಿ ಬೀಳುತ್ತದೆ ನೋಡಿ.

ಎ ಮೈನರ್‌ನಲ್ಲಿ 55, ನಂತರ 43.65, ನಂತರ 49. ಮೂರೂ ಒಂದೇ ಬಯಲಿನಲ್ಲಿವೆ, ಎಲ್ಲೂ ಸದ್ದು ಕುಸಿಯುವುದಿಲ್ಲ. ಜಿ ಮೈನರ್‌ನಲ್ಲಿ 49, 38.9, 43.65. ಒಂದು ಮೆಟ್ಟಿಲು ಆಳ, ಆದರೂ ಒಟ್ಟಾಗಿವೆ. ಸಿ ಮೈನರ್‌ನಲ್ಲಿ ಮೇಲಿನ ಸಿ ಹಿಡಿದರೆ 65.4, 51.9, 58.3. ಮನೆಗೆ ಮರಳುವ ಸ್ವರವೇ ಎಲ್ಲಕ್ಕಿಂತ ಹಗುರ, ಆದರೆ ಕೈಕೊಡುವ ಸ್ವರ ಒಂದೂ ಇಲ್ಲ. ಎಫ್ ಮೈನರ್‌ನಲ್ಲಿ ಮೊದಲನೆಯದು 43.65. ಎರಡನೆಯದಕ್ಕೆ ಇಳಿದರೆ 34.65, ಏರಿದರೆ 69.3. ಮೂರನೆಯದು 38.9 ಅಥವಾ 77.8. ಇಳಿದರೆ ಆ ಕಾರ್ಡ್ ಬಂದಾಗ ಬೇಸ್ ನೆಲದೊಳಗೆ ಹೋಗುತ್ತದೆ, ಏರಿದರೆ ದಿಢೀರ್ ತೆಳ್ಳಗಾಗುತ್ತದೆ. ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಹಾಕಿದೆ, ಒಂದೊಂದು ಸ್ವರದ ಸದ್ದನ್ನೂ ಕೈಯಲ್ಲೇ ಏರಿಸಿ ಇಳಿಸಿದೆ. ಸಮಾಧಾನವಾಗಲಿಲ್ಲ. ಎಲ್ಲರೂ ಹೊಗಳುವ ಎಫ್ ಮೈನರ್ ಕಾರ್ಡ್ ಇರುವ ಹಾಡಿಗೆ ನಾಲ್ಕರಲ್ಲಿ ಅತಿ ಜಗಳಗಂಟ ಕೀ ಅನ್ನುವುದು ನನ್ನ ಅಭಿಪ್ರಾಯ. ಮದುವೆ ಹಾಲ್‌ಗಳ, ಕಾಲೇಜು ಫೆಸ್ಟ್‌ಗಳ ಬಾಡಿಗೆ ಸಿಸ್ಟಮ್‌ಗಳಲ್ಲಿ 40ರ ಕೆಳಗಿನದ್ದನ್ನು ಸಬ್‌ವೂಫರ್ ಸ್ಪೀಕರ್ ಉಳಿಸಿಕೊಳ್ಳಲು ಕತ್ತರಿಸುವುದು ಮಾಮೂಲು. ಅಲ್ಲಿ 34.65 ಸುಮ್ನೆ ಖಾಲಿ ಜಾಗ.

ಇನ್ನೊಂದು ವಿಷಯ ವೇಗದ್ದು. 126ರಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಸೈಟ್ರಾನ್ಸ್ (ಬಿರುಸಾದ ಒಂದು ಬಗೆಯ ಡ್ಯಾನ್ಸ್ ಸಂಗೀತ) ಮಾಡುವವರಿಗೆ ಕಾಡುತ್ತದೆ, ಗೋವಾ ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿ ಅಂಥವರು ಇದ್ದೇ ಇರುತ್ತಾರೆ. 145 ಬಿಪಿಎಂನಲ್ಲಿ ಒಂದು ಬೀಟನ್ನು ನಾಲ್ಕು ಭಾಗ ಮಾಡಿ, ಮೊದಲನೆಯದರಲ್ಲಿ ಕಿಕ್, ಉಳಿದ ಮೂರರಲ್ಲಿ ಬೇಸ್ ಇಡುತ್ತಾರೆ. ಒಂದೊಂದು ಬೇಸಿಗೆ ಸಿಗುವುದು ಸುಮಾರು 103 ಮಿಲಿಸೆಕೆಂಡ್. ಅಷ್ಟರಲ್ಲಿ 55 ಹರ್ಟ್ಸ್ ಅಲೆ ಐದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ಹಾಕುತ್ತದೆ, 43.65ರದ್ದು ನಾಲ್ಕೂವರೆ, 32.7ರದ್ದು ಮೂರು ಚಿಲ್ಲರೆ. ಮೂರು ಸುತ್ತಿನಲ್ಲಿ ಸ್ವರ ಬಾಯಿ ತೆರೆಯುವ ಮೊದಲೇ ಜಾಗ ಮುಗಿದಿರುತ್ತದೆ. ನನ್ನ ಟ್ರ್ಯಾಕನ್ನು 145ಕ್ಕೆ ಏರಿಸಿ ನೋಡಿದೆ: ಎಫ್ ಇನ್ನೂ ನಿಂತಿತ್ತು, ಕೆಳಗಿನ ಸಿ ಬರೀ ಟಪ್ ಟಪ್.

ಹಾಡುವವರು ಬಂದ ಮೇಲೆ ಚಿತ್ರ ಮತ್ತೆ ಬದಲಾಯಿತು. ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ಏರಿಸಿ ಇಳಿಸಿದರೆ ಅದು ಪರೀಕ್ಷೆಯಾಗುವುದಿಲ್ಲ, ಹಾಗಾಗಿ ಹಾಡುವ ಗೆಳತಿಯೊಬ್ಬಳು ನಾಲ್ಕೂ ಕೀಗಳಲ್ಲಿ ಹೊಸದಾಗಿ ಹಾಡಿಕೊಟ್ಟಳು. ಸಾಲು ಮಂದ್ರ ಪಂಚಮದಿಂದ ಮಧ್ಯ ಪಂಚಮದವರೆಗೆ ಹೋಗುತ್ತದೆ. ಸಿ ಮೈನರ್ ಶುರುವಾಗುತ್ತಲೇ "ಇದು ಗಂಡಸರ ಶ್ರುತಿ ಕಣೋ" ಅಂದಳು. ಕೆಳಗಿನ ಸ್ವರಗಳು ಉಸಿರಾಗಿಬಿಟ್ಟವು, ಪ್ಯಾಡ್ ಬಂದ ಕೂಡಲೇ ಮುಳುಗಿಹೋದವು. ಎಫ್‌ನಲ್ಲಿ ಪರವಾಗಿಲ್ಲ. ಜಿ ಮತ್ತು ಎ ಎರಡರಲ್ಲೂ ಧ್ವನಿ ಅರಳಿತು, ಎ ಮೈನರ್‌ನ ಮೇಲಿನ ತುದಿಯಲ್ಲಿ ಮಾತ್ರ ಸ್ವಲ್ಪ ಬಿಗಿ. ಕರ್ನಾಟಕ ಸಂಗೀತದಲ್ಲಿ ಹೆಂಗಸರು ಸಾಮಾನ್ಯವಾಗಿ ಬಿಳಿ ಐದರ ಸುತ್ತಮುತ್ತ ಹಾಡುತ್ತಾರೆ, ಗಂಡಸರು ಬಿಳಿ ಒಂದರ ಆಸುಪಾಸಿನಲ್ಲಿ. ಬಿಳಿ ಐದು ಅಂದರೆ ಜಿ ತಾನೇ? ಡ್ಯಾನ್ಸ್ ಬೇಸ್ ಕೇಳುವ ಸ್ವರ ಮತ್ತು ಹೆಣ್ಣು ಧ್ವನಿ ಕೇಳುವ ಶ್ರುತಿ ಒಂದೇ ಕಡೆ ಬಂದು ಸೇರುತ್ತವೆ ಅನ್ನುವುದು ನನಗೆ ಈ ಇಡೀ ಕಸರತ್ತಿನಲ್ಲಿ ಸಿಕ್ಕ ಖುಷಿಯ ವಿಷಯ. ಗಂಡು ಧ್ವನಿಗೆ ಇದೇ ಸಾಲು ಎ ಮೈನರ್‌ನಲ್ಲಿ ಒಂದು ಆಕ್ಟೇವ್ ಕೆಳಗೆ ಸರಾಗವಾಗಿ ಬರುತ್ತದೆ, ಸಿ ಮೈನರ್‌ನಲ್ಲಿ ಒತ್ತಿ ಹಾಡಿದರೆ ಕಿಡಿ ಹಾರುತ್ತದೆ. ಎಫ್‌ನಲ್ಲಿ ಮಂಕು.

ಡಿಜೆಗಳ ದೃಷ್ಟಿ ಬೇರೆ. ಅವರು ಕೀಗಳಿಗೆ ಅಂಕಿ ಕೊಟ್ಟ ಕ್ಯಾಮೆಲಾಟ್ ಚಕ್ರ ನೋಡುತ್ತಾರೆ, ಅದರಲ್ಲಿ ಪಕ್ಕಪಕ್ಕದ ಅಂಕಿಗಳು ಒಂದಕ್ಕೊಂದು ಕೂಡಿ ಬರುತ್ತವೆ. ಎಫ್ ಮೈನರ್ 4ಎ, ಸಿ ಮೈನರ್ 5ಎ, ಜಿ ಮೈನರ್ 6ಎ. ಮೂರೂ ಸಾಲಾಗಿ ನಿಂತಿವೆ. ಎ ಮೈನರ್ 8ಎ, ಸ್ವಲ್ಪ ದೂರ. ಬೇಸಿನಲ್ಲಿ ಸೋತ ಸಿ ಇಲ್ಲಿ ಎಫ್‌ಗೂ ಜಿಗೂ ನಡುವೆ ಸೇತುವೆಯಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಹಿಡಿದಿಡುವ ಸೌಲಭ್ಯ) ಹಾಕದೆ 128ರ ಟ್ರ್ಯಾಕನ್ನು 124ಕ್ಕೆ ಇಳಿಸಿದರೆ ಶ್ರುತಿ ಅರ್ಧ ಸೆಮಿಟೋನ್‌ಗಿಂತ ಜಾಸ್ತಿಯೇ ಜಾರುತ್ತದೆ, ಆಗ ಚಕ್ರ ಹೇಳಿದ್ದು ಸುಳ್ಳಾಗುತ್ತದೆ. ಮನೆಯಲ್ಲಿ ಕೂತು ಒಂದೊಂದೇ ಟ್ರ್ಯಾಕ್ ಮಾಡುವವರು ಇದಕ್ಕೆಲ್ಲ ತಲೆ ಕೊಡಬೇಕಾಗಿಲ್ಲ.

ಬಿಳಿ ಕೀಗಳಷ್ಟೇ ಬರುತ್ತವೆ ಅನ್ನುವ ಕಾರಣಕ್ಕೆ ಎಲ್ಲವನ್ನೂ ಎ ಮೈನರ್‌ನಲ್ಲೇ ಮಾಡುವವರಿದ್ದಾರೆ. ಕಲಿಯುವಾಗ ಸರಿ. ಆಮೇಲೆ ಬೇಕಾಗಿಲ್ಲ: ಸಂಗೀತ ಮಾಡುವ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೋದ ಪಿಯಾನೋ ರೋಲ್ (ಸ್ವರ ಬರೆಯುವ ಕಿಟಕಿ) ಬೇಕಾದ ಸ್ಕೇಲಿಗೆ ಅಂಟಿಕೊಳ್ಳುತ್ತದೆ, 2024ರಲ್ಲಿ ಬಂದ ಏಬಲ್‌ಟನ್ ಲೈವ್ 12ರಲ್ಲೂ ಕ್ಲಿಪ್ಪಿಗೇ ಸ್ಕೇಲ್ ಕೊಡಬಹುದು. ಗಿಟಾರ್ ನುಡಿಸುವವರು ಜೊತೆಗಿದ್ದರೆ ಇ ಮೈನರ್ ಕೇಳುತ್ತಾರೆ. ಕೊಡಿ, ಬೇಸ್ ಗಿಟಾರಿನ ದಪ್ಪ ತಂತಿ 41.2 ಹರ್ಟ್ಸ್, ಒಳ್ಳೆಯ ಜಾಗವೇ.

ಇನ್ನು ಆ ಕತ್ತಲೆ. ಅದು ನಿಜವಾಗಲೂ ಬೇಕಿದ್ದರೆ ಕೀ ಬಿಟ್ಟು ಸ್ಕೇಲ್ ಬದಲಿಸಿ. ಜಿ ಮೈನರ್ ಟ್ರ್ಯಾಕಿನಲ್ಲಿ ಎ ಸ್ವರವನ್ನು ಎ ಫ್ಲ್ಯಾಟಿಗೆ ಇಳಿಸಿದೆ. ನಟಭೈರವಿಯ ಚತುಶ್ರುತಿ ರಿಷಭ ಹೋಗಿ ಶುದ್ಧ ರಿಷಭ ಬಂತು, ಅಂದರೆ ತೋಡಿಯ ಸ್ವರಗಳು, ಪಶ್ಚಿಮದವರ ಫ್ರಿಜಿಯನ್. ಬೇಸ್‌ಲೈನ್ ಆ ಎ ಫ್ಲ್ಯಾಟ್ ಮುಟ್ಟಿ ಜಿಗೆ ಇಳಿದ ಕೂಡಲೇ ಮೈ ಜುಮ್ ಅಂದಿತು. ಒಂದು ಸ್ವರದ ಈ ಬದಲಾವಣೆ ಮಾಡಿದಷ್ಟು ಪರಿಣಾಮ ನಾಲ್ಕು ಕೀಗಳ ನಡುವೆ ಓಡಾಡಿದಾಗ ಎಲ್ಲೂ ಸಿಗಲಿಲ್ಲ.

ಹಾಗಾಗಿ ಈಗ ಹೆಣ್ಣು ಧ್ವನಿ ಇರುವ ಹಾಡಾದರೆ ಜಿ ಮೈನರ್‌ನಲ್ಲಿ ಶುರು ಮಾಡುತ್ತೇನೆ, ಗಂಡು ಧ್ವನಿಯಾದರೆ ಎ. ಧ್ವನಿ ಇಲ್ಲದ, ಒಂದೇ ಸ್ವರದಲ್ಲಿ ಗುದ್ದುವ ಟೆಕ್ನೋ ಆದರೆ ಮಾತ್ರ ಎಫ್, ಅದೂ ಹೆಡ್‌ಫೋನ್ ಹಾಕಿಕೊಂಡು. ಸಿ ಮೈನರ್‌ನಲ್ಲಿ ಗೆಳತಿ ಹಾಡಿದ್ದನ್ನು ಅಳಿಸಿಲ್ಲ. ಕಿಕ್ ತೆಗೆದು ಬರೀ ಪ್ಯಾಡ್ ಮೇಲೆ ಇಟ್ಟರೆ ಆ ಉಸಿರು ಧ್ವನಿ ಚೆನ್ನಾಗಿಯೇ ಇದೆ, ಬೇರೆ ಟ್ರ್ಯಾಕಿನ ಇಂಟ್ರೋಗೆ ಹಾಕುವ ಯೋಚನೆ ಇದೆ.