ಹಿರಿಯರ ಸಹಾಯವಾಣಿ 14567: ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗದು

14567ಕ್ಕೆ ಕರೆ ಮಾಡಿದರೆ ದುಡ್ಡು ಕಟ್ಟಾಗುವುದಿಲ್ಲ. ವಾರದ ಏಳೂ ದಿನ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಈ ‘ಎಲ್ಡರ್ ಲೈನ್’ 2021ರಿಂದ ದೇಶದ ತುಂಬ ಇದೆ. ಬೆಂಗಳೂರಿನವರಿಗೆ ಇದಕ್ಕಿಂತ ಹಳೆಯದಾದ 1090 ಗೊತ್ತಿರಬಹುದು. ಅದು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರುಮಾಡಿದ್ದು.

ಮುಂದಿನ ದಾರಿ ಕೇಳಲು, ಮನೆಗೆ ಒಬ್ಬರನ್ನು ಕಳಿಸಿ ಮಾತಾಡಿಸಲು, ಯಾವ ಆಫೀಸಿಗೆ ಯಾವ ಕಾಗದ ಎಂದು ತಿಳಿಯಲು 14567 ಒಳ್ಳೆಯದು. ರಾತ್ರಿ ಹತ್ತಕ್ಕೆ ಪಕ್ಕದ ಮನೆಯಲ್ಲಿ ಅಜ್ಜನಿಗೆ ಏಟು ಬೀಳುವ ಸದ್ದು ಕೇಳಿದರೆ ಇದು ಆಗದು, ಆಗ ಪೊಲೀಸರ ತುರ್ತು ಸಂಖ್ಯೆ 112. ಸಹಾಯವಾಣಿಯವರಿಗೆ ಬಾಗಿಲು ಒಡೆದು ಒಳಗೆ ಹೋಗುವ ಅಧಿಕಾರವಿಲ್ಲ, ಯಾರನ್ನೂ ಬಂಧಿಸಲಾರರು. ಈ ವ್ಯತ್ಯಾಸ ತಿಳಿಯದೆ ಕರೆ ಮಾಡಿದವರೇ ‘ಏನೂ ಪ್ರಯೋಜನವಿಲ್ಲ’ ಎಂದು ಬೇಸರಪಟ್ಟುಕೊಳ್ಳುವುದು.

ಈ ಸೇವೆಯಿಂದ ಎಷ್ಟು ಕೆಲಸ ಆಗುತ್ತದೆ ಎನ್ನುವುದರಲ್ಲಿ ಅರ್ಧ ಪಾಲು ನೀವು ಏನು ನೋಡಿಟ್ಟುಕೊಂಡು ಫೋನ್ ಮಾಡುತ್ತೀರಿ ಎನ್ನುವುದರ ಮೇಲಿದೆ. ಅನುಮಾನ ಬಂದಾಗ ಎಲ್ಲರೂ ಮೊದಲು ಹುಡುಕುವುದು ಪೆಟ್ಟಿನ ಗುರುತು. ಅದನ್ನೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಮಂಚದ ಅಂಚು ತಾಗಿದರೂ ಮುಂಗೈ ಕಪ್ಪುಗಟ್ಟುತ್ತದೆ. ಗಮನಿಸಬೇಕಾದದ್ದು ಗುರುತು ಎಲ್ಲಿದೆ ಎಂದು. ರಟ್ಟೆಯ ಒಳಬದಿಯಲ್ಲಿ ಸಾಲಾಗಿ ಬೆರಳಗಲದ ಕಲೆ ಇದ್ದರೆ ಯಾರೋ ಬಿಗಿಯಾಗಿ ಹಿಡಿದಿರಬಹುದು. ಮಣಿಕಟ್ಟಿನ ಸುತ್ತ ಬಳೆಯಂತೆ ಗೀರಿದ್ದರೆ ಕಟ್ಟಿಹಾಕಿರಬಹುದು. ಹಾಸಿಗೆ ಹಿಡಿದವರ ಬೆನ್ನ ಬುಡದಲ್ಲೋ ಹಿಮ್ಮಡಿಯಲ್ಲೋ ಆಳವಾದ, ವಾಸನೆ ಬರುವ ಹುಣ್ಣಿದ್ದರೆ ಮಗ್ಗಲು ಬದಲಿಸುವವರಿಲ್ಲ ಎಂದಾಗಬಹುದು.

ಗಟ್ಟಿ ಸುಳಿವು ಸಿಗುವುದು ಔಷಧಿ ಡಬ್ಬಿಯಲ್ಲಿ. ದಿನಕ್ಕೊಂದರಂತೆ ಬಿ.ಪಿ. ಮಾತ್ರೆ, 15ರ ಎರಡು ಸ್ಟ್ರಿಪ್ಪು, ಒಂದನೇ ತಾರೀಖಿನಿಂದ ಶುರು ಎಂದಿಟ್ಟುಕೊಳ್ಳಿ. 20ನೇ ತಾರೀಖು ರಾತ್ರಿಗೆ 10 ಉಳಿದಿರಬೇಕು. 23 ಉಳಿದಿದ್ದರೆ ಯಾರೋ ಕೊಡುತ್ತಿಲ್ಲ, ಇಲ್ಲವೇ ಅವರೇ ಮರೆಯುತ್ತಿದ್ದಾರೆ. ಎರಡನೆಯದಾದರೂ ನೆನಪಿಸುವವರಿಲ್ಲ ಎಂದೇ ಅರ್ಥ. ನಿದ್ರೆ ಮಾತ್ರೆಯ ಸ್ಟ್ರಿಪ್ಪು ಲೆಕ್ಕಕ್ಕಿಂತ ಬೇಗ ಖಾಲಿಯಾಗಿ, ಯಾವಾಗ ಹೋದರೂ ‘ಅಮ್ಮ ಮಲಗಿದ್ದಾರೆ’ ಎಂಬ ಉತ್ತರವೇ ಸಿಗುತ್ತಿದ್ದರೆ ಅನುಮಾನಿಸಲೇಬೇಕು. ಹೋಮ್ ನರ್ಸ್ ಕೈಯಲ್ಲಿ ಬಿಟ್ಟ ಮನೆಗಳಲ್ಲಿ ಈ ಎಣಿಕೆ ವಾರಕ್ಕೊಮ್ಮೆ ನಡೆಯುವುದು ಲೇಸು.

ಇನ್ನೊಂದು ಪಾಸ್‌ಬುಕ್. ಸಂಧ್ಯಾ ಸುರಕ್ಷಾ ಹಣ ಜಮಾ ಆದ ದಿನವೇ ಪೂರ್ತಿ ಡ್ರಾ ಆಗಿದೆಯೇ? ಎದ್ದು ಓಡಾಡಲಾಗದವರ ಖಾತೆಯಿಂದ ತಿಂಗಳು ತಿಂಗಳೂ ಎ.ಟಿ.ಎಂ.ನಲ್ಲಿ ದುಡ್ಡು ತೆಗೆಯುತ್ತಿರುವವರು ಯಾರು, ಆ ದುಡ್ಡು ಅವರ ಊಟ-ಔಷಧಿಗೇ ಹೋಗುತ್ತಿದೆಯೇ? ಜಮೀನಿನ ವಿಷಯವಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ. ‘ಬ್ಯಾಂಕಿನ ಕಾಗದ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡದ್ದು ದಾನಪತ್ರವಾಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಮರೆವಿನ ಕಾಯಿಲೆ ಇರುವವರ ಮಾತು ಬೇರೆಯದೇ ತೊಡಕು. ಸೊಸೆ ಸರ ಕದ್ದಳು, ಊಟವೇ ಹಾಕಲಿಲ್ಲ ಎನ್ನುವುದು ಆ ಕಾಯಿಲೆಯಲ್ಲಿ ಸಾಮಾನ್ಯ. ಸರ ದಿಂಬಿನ ಕೆಳಗೇ ಸಿಗುವುದೂ ಉಂಟು. ಹಾಗೆಂದು ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕಿದರೆ ನಿಜವಾಗಿ ಉಪವಾಸವಿರುವವರೂ ಅದೇ ಗಾದೆಯಡಿ ಮುಚ್ಚಿಹೋಗುತ್ತಾರೆ. ತೂಕ ನೋಡಿ. ಮೂರು ತಿಂಗಳ ಹಿಂದೆ ಮೈಗೆ ಸರಿಯಾಗಿದ್ದ ರವಿಕೆ ಈಗ ಜೋತುಬಿದ್ದಿದ್ದರೆ ವೈದ್ಯರಿಗೆ ತೋರಿಸಿ, ಕಾರಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅವರೊಬ್ಬರೇ ಇರುವಾಗ ಮಾತಾಡಿಸಿ. ‘ಹೊಡೀತಾರಾ?’ ಎಂದರೆ ‘ಇಲ್ಲಪ್ಪ, ನನ್ನ ಮಗ ಬಂಗಾರ’ ಎಂದೇ ಬರುವುದು. ‘ರಾತ್ರಿ ಊಟ ಯಾರು ಬಡಿಸ್ತಾರಮ್ಮ? ನಿನ್ನೆ ಏನು ಮಾಡಿದ್ರು?’ ಎಂದು ಕೇಳಿದರೆ ವಿಷಯ ತಾನಾಗಿ ಹೊರಬರುತ್ತದೆ.

ಈಗ ಕರೆ. ‘ಪಾಪ, ಅಜ್ಜಿಗೆ ತುಂಬ ಕಾಟ ಕೊಡ್ತಾರೆ ಸಾರ್’ ಎಂದರೆ ಆ ಕಡೆಯವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ‘78 ವರ್ಷ, ಸೊಂಟದ ಮೂಳೆ ಮುರಿದಿದೆ, ಎದ್ದು ಓಡಾಡಲಾರರು, ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಹೊರಗಿನಿಂದ ಬೀಗ, ಸೋಮವಾರ ಮತ್ತು ಬುಧವಾರ ಕಿಟಕಿಯಿಂದ ನೀರು ಕೇಳಿದರು, ಮಗ ಜೊತೆಗಿದ್ದಾನೆ, ಮಗಳು ತುಮಕೂರಿನಲ್ಲಿ’ ಎಂದರೆ ಅದು ದೂರು. ಕೊನೆಯಲ್ಲಿ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಕತೆಯನ್ನು ಮೊದಲಿನಿಂದ ಹೇಳುವುದು ತಪ್ಪುತ್ತದೆ. ಹಿರಿಯರೇ ಕರೆ ಮಾಡುವುದಾದರೆ ಪಕ್ಕದ ಮನೆಯ ಫೋನಿನಿಂದ ಮಾಡಲಿ, ವಾಪಸ್ ಕರೆಯೂ ಅಲ್ಲಿಗೇ ಬರಲಿ. ಅಜ್ಜಿಯ ಮೊಬೈಲಿನಲ್ಲಿ 14567 ಉಳಿದು ಮಗನ ಕಣ್ಣಿಗೆ ಬಿದ್ದರೆ ಅವತ್ತಿನ ರಾತ್ರಿ ಕಷ್ಟದ್ದು.

ಎಡವಟ್ಟಾಗುವುದು ಹೆಚ್ಚಾಗಿ ಮನೆ ಭೇಟಿಯಲ್ಲಿ. ನಡುಮನೆಯಲ್ಲಿ ಮಗ-ಸೊಸೆಯ ಎದುರೇ ‘ನಿಮಗೇನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ಆ ಭೇಟಿ ವ್ಯರ್ಥ. ಬಂದವರು ಹೊರಟ ಮೇಲಿನ ಬೈಗುಳ ಬೇರೆ. ಹಿರಿಯರನ್ನು ಪ್ರತ್ಯೇಕವಾಗಿ ಮಾತಾಡಿಸಬೇಕು, ಎರಡು-ಮೂರು ದಿನ ಬಿಟ್ಟು ಮತ್ತೆ ವಿಚಾರಿಸಬೇಕು ಎಂದು ಕರೆಯಲ್ಲೇ ಕೇಳಿಕೊಳ್ಳಿ. ಮನೆ ಬಿಡುವ ಪರಿಸ್ಥಿತಿ ಬಂದರೆ ಎಲ್ಲಿಗೆ ಹೋಗುವುದು ಎಂಬುದೂ ಮೊದಲೇ ಗೊತ್ತಿರಲಿ.

ಸಮಾಧಾನದ ಮಾತಿಗೆ ಬಗ್ಗದ ಮನೆಗಳಿಗೆ ಇರುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ. ಅರ್ಜಿ ಹೋಗುವುದು ಎ.ಸಿ. ಅಂದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ತಂದೆತಾಯಿಗೆ 60 ತುಂಬಿರಬೇಕೆಂದಿಲ್ಲ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರ ಬಂಧುವಿನ ಮೇಲೆ ಅರ್ಜಿ ಹಾಕಬಹುದು. ತಾವೇ ಹಾಕಲಾಗದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಯಾರೇ ಆದರೂ ಹಾಕಬಹುದು. 17ನೇ ಸೆಕ್ಷನ್ ವಕೀಲರನ್ನು ಹೊರಗಿಟ್ಟಿದೆ, ಆದರೆ 18ನೇ ಸೆಕ್ಷನ್ ಪ್ರಕಾರ ಪೋಷಣಾಧಿಕಾರಿ (ಇದಕ್ಕೆಂದೇ ಸರ್ಕಾರ ನೇಮಿಸುವ ಅಧಿಕಾರಿ) ತಂದೆತಾಯಿಯ ಪರ ನಿಲ್ಲಬಹುದು. ಮಂಡಳಿ ಕೊಡಿಸಬಹುದಾದ ಪೋಷಣೆಯ ಹಣ ತಿಂಗಳಿಗೆ ಗರಿಷ್ಠ 10,000 ರೂಪಾಯಿ. 2007ರಲ್ಲಿ ಬರೆದ ಈ ಮೊತ್ತ ಇವತ್ತಿನ ಹೋಮ್ ನರ್ಸ್ ಖರ್ಚಿನ ಮುಂದೆ ನಗೆಪಾಟಲು.

90 ದಿನದಲ್ಲಿ ಅರ್ಜಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ, ಒಮ್ಮೆ 30 ದಿನ ಮುಂದೂಡಬಹುದು. ಆದರೆ ಲೆಕ್ಕ ಶುರುವಾಗುವುದು ನೋಟಿಸ್ ಮಗನ ಕೈಸೇರಿದ ದಿನದಿಂದ, ಅರ್ಜಿ ಕೊಟ್ಟ ದಿನದಿಂದ ಅಲ್ಲ. ಹಳೇ ಬಾಡಿಗೆ ಮನೆಯ ವಿಳಾಸ ಬರೆದು, ಅಂಚೆ ವಾಪಸ್ ಬಂದು, ತಿಂಗಳುಗಟ್ಟಲೆ ಹೋಗುವುದು ಹೀಗೆ. ಮಕ್ಕಳ ಈಗಿನ ಮನೆ ಮತ್ತು ಆಫೀಸು, ಎರಡೂ ವಿಳಾಸ ಕೊಡಿ. ಆದೇಶವಾದ ಮೇಲೂ ಹಣ ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲಿಗೆ ಹಾಕುವ ಅಧಿಕಾರ ಮಂಡಳಿಗಿದೆ. ಆದೇಶ ಸರಿಯಿಲ್ಲ ಎನಿಸಿದರೆ ಹಿರಿಯರು 60 ದಿನದೊಳಗೆ ಡಿ.ಸಿ.ಗೆ ಮೇಲ್ಮನವಿ ಹಾಕಬೇಕು.

ಆಸ್ತಿ ಬರೆದುಕೊಟ್ಟು ಬೀದಿಗೆ ಬಿದ್ದವರಿಗೆ 23ನೇ ಸೆಕ್ಷನ್. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ ರದ್ದು ಮಾಡಿಸಬಹುದು. ಆ ಷರತ್ತು ಇರಲೇಬೇಕು, ತಾನಾಗಿ ಇದೆಯೆಂದು ಊಹಿಸಲಾಗದು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕೋರ್ಟಿನ 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಕಡೆಗೆ ಹೆಚ್ಚು ಉದಾರವಾಗಿ ಓದಿತು. ಯಾವುದನ್ನು ನಂಬುವುದು ಎಂಬ ಚರ್ಚೆಗಿಂತ, ದಾನಪತ್ರದಲ್ಲೇ ‘ಜೀವವಿರುವವರೆಗೆ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲು ಬರೆಸುವುದು ಅಗ್ಗ. ಉಯಿಲು ಇನ್ನೂ ಕ್ಷೇಮ, ಬೇಡವೆನಿಸಿದ ದಿನ ಬದಲಿಸಬಹುದು.

14567ರ ದೊಡ್ಡ ಕೊರತೆ ಅದರ ಹೆಸರಿನಲ್ಲೇ ಇದೆ. ಕೋಣೆಯಲ್ಲಿ ಕೂಡಿಹಾಕಿದ 35 ವರ್ಷದ ಬುದ್ಧಿಮಾಂದ್ಯ ತಮ್ಮನಿಗೆ ಇದು ಇಲ್ಲ. ಅಂಥವರಿಗಾಗಿ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 7ನೇ ಸೆಕ್ಷನ್ ಇದೆ. ಅದರ ಪ್ರಕಾರ ನೆರೆಯವರೂ ಸೇರಿ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ನಮ್ಮಲ್ಲಿ ತಹಶೀಲ್ದಾರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡರಾಯಿತು. ಮಾನಸಿಕ ಕಾಯಿಲೆಯವರಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಪೊಲೀಸ್ ಠಾಣೆಯವರೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಹೆಣ್ಣುಮಕ್ಕಳು ಎಷ್ಟೇ ವಯಸ್ಸಿನವರಾಗಲಿ, ಮಗನ ವಿರುದ್ಧವೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಳಸಬಹುದು, ಅದಕ್ಕೆ ಮಹಿಳಾ ಸಹಾಯವಾಣಿ 181.

ಹೊರದೇಶದಲ್ಲಿರುವ ಮಕ್ಕಳು ಗಮನಿಸಿ: ಇಂಥ ಐದಂಕಿಯ ಸಂಖ್ಯೆ ಸಾಮಾನ್ಯವಾಗಿ ಅಲ್ಲಿಂದ ತಗುಲುವುದಿಲ್ಲ. ಊರಲ್ಲಿರುವ ಒಬ್ಬರಿಗೆ ಮೇಲಿನ ವಿವರ, ಮಾತ್ರೆ ಲೆಕ್ಕ, ತಾರೀಖು ಸಮೇತ ಫೋಟೊ ಎಲ್ಲ ಕಳಿಸಿ, ಅವರಿಂದಲೇ ಬೆಳಗ್ಗೆ ಹೊತ್ತು ಕರೆ ಮಾಡಿಸಿ.