‘ಲಭ್ಯವಿದೆ’ ಎಂದ ಪುಸ್ತಕ ಕೈಗೂ ಸಿಗುವಂತಾಯಿತು: ಗ್ರಂಥಾಲಯಕ್ಕೆ ಆರು ವರ್ಷಗಳಿಂದ ಹೋಗುತ್ತಿರುವ ಓದುಗನ ವಿಮರ್ಶೆ

ಪುಸ್ತಕ ಇಲ್ಲವೇ ಇಲ್ಲ ಎಂದರೆ ಅಷ್ಟು ಬೇಜಾರಾಗುವುದಿಲ್ಲ. ಕಂಪ್ಯೂಟರಿನಲ್ಲಿ ‘ಲಭ್ಯವಿದೆ’ ಎಂದು ತೋರಿಸಿ, ಕಪಾಟಿನಲ್ಲಿ ಸಿಗದಿದ್ದರೆ ಹೊಟ್ಟೆ ಉರಿಯುತ್ತದೆ. ಆರು ವರ್ಷಗಳಿಂದ ನಾನು ಹೋಗುತ್ತಿರುವ ಗ್ರಂಥಾಲಯದಲ್ಲಿ ಮೊದಲ ಮೂರು ವರ್ಷ ಇದೇ ಗೋಳು. ಸಂಖ್ಯೆ ಬರೆದುಕೊಂಡು ಹೋಗಿ, ಸಾಲಿನುದ್ದಕ್ಕೂ ಬೆರಳಾಡಿಸಿ, ಬರಿಗೈಯಲ್ಲಿ ಕೌಂಟರಿಗೆ ಬರುತ್ತಿದ್ದೆ. ಸಿಬ್ಬಂದಿ ಪಾಪ, ಕೆಲಸ ಬಿಟ್ಟು ಎದ್ದು ಬಂದು ಹುಡುಕುತ್ತಿದ್ದರು. ಸಿಕ್ಕರೆ ಸರಿ, ಇಲ್ಲದಿದ್ದರೆ “ನಾಳೆ ಬನ್ನಿ ಸಾರ್”.

ಆಮೇಲೆ ಅಲ್ಲಿ ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಮಾನದಂಡದ ಆಧಾರದ ಗುಣಮಟ್ಟ ನಿರ್ವಹಣೆ ಬಂತು. ಗೋಡೆಯ ಮೇಲಿನ ನೀತಿಪತ್ರ ನೋಡಿ ನನಗೇನೂ ನಂಬಿಕೆ ಹುಟ್ಟಲಿಲ್ಲ. ನಂಬಿಕೆ ಹುಟ್ಟಿಸಿದ್ದು ಅಂಗೈಯಗಲದ ಒಂದು ಚೀಟಿ. ಸಿಗದ ಪುಸ್ತಕದ ಸಂಖ್ಯೆ, ದಿನಾಂಕ, ಹುಡುಕಿದ ಹೊತ್ತು ಬರೆದು ಪೆಟ್ಟಿಗೆಗೆ ಹಾಕಿ ಎಂದರು. ಎರಡು ತಿಂಗಳ ಚೀಟಿಗಳನ್ನು ಹೊತ್ತಿನ ಪ್ರಕಾರ ವಿಂಗಡಿಸಿದಾಗ ಬಹುಪಾಲು ಸಂಜೆಯವೇ ಬಂದವು. ಕಾರಣ ಅಲ್ಲೇ ಇತ್ತು: ವಾಪಸ್ ಬಂದ ಪುಸ್ತಕ ಕೌಂಟರಿನಲ್ಲಿ ಸ್ಕ್ಯಾನ್ ಆದ ತಕ್ಷಣ ಕಂಪ್ಯೂಟರಿನಲ್ಲಿ ‘ಲಭ್ಯ’ ಆಗಿಬಿಡುತ್ತಿತ್ತು, ಪುಸ್ತಕ ಮಾತ್ರ ಮರುದಿನ ಬೆಳಗಿನವರೆಗೂ ಟ್ರಾಲಿಯಲ್ಲೇ ಕೂತಿರುತ್ತಿತ್ತು. ಈಗ ‘ವಾಪಸ್ ಬಂದಿದೆ, ಟ್ರಾಲಿಯಲ್ಲಿ ನೋಡಿ’ ಎಂದೇ ತೋರಿಸುತ್ತದೆ. ಟ್ರಾಲಿಯನ್ನು ಕೌಂಟರಿನ ಹಿಂದಿನಿಂದ ನಮ್ಮ ಕಡೆಗೆ ತಂದಿಟ್ಟಿದ್ದಾರೆ. ಇಷ್ಟಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ, ಯಾರನ್ನೂ ಬೈಯಬೇಕಾಗಲಿಲ್ಲ. ‘ಓದುಗನ ಸಮಯ ಉಳಿಸಿ’ ಎಂಬ ಸೂತ್ರವನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಕೊಟ್ಟಿದ್ದರು. ಅದು ನನ್ನ ಅನುಭವಕ್ಕೆ ಬಂದದ್ದು ಆ ಟ್ರಾಲಿಯ ಮುಂದೆ.

ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆಯೂ ನನಗೆ ಹಿಡಿಸಿತು. ‘ತೃಪ್ತಿ ಇದೆಯೇ’ ಎಂದು ಕೇಳಿ ಮುಗಿಸುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಶುರುವಾದ, ಗ್ರಂಥಾಲಯ ಸೇವೆಯನ್ನು ಓದುಗರಿಂದಲೇ ಅಳೆಸುವ ಲಿಬ್‌ಕ್ವಾಲ್ ಮಾದರಿಯಲ್ಲಿ ಪ್ರತಿ ಅಂಶಕ್ಕೂ ಮೂರು ಅಂಕ ಕೇಳುತ್ತಾರೆ: ಕನಿಷ್ಠ ಎಷ್ಟಿರಬೇಕು, ಎಷ್ಟಿದ್ದರೆ ಚೆನ್ನ, ಈಗ ಎಷ್ಟಿದೆ. ಎಲ್ಲವೂ 1ರಿಂದ 9ರೊಳಗೆ. ಓದುವ ಕೋಣೆಯ ನಿಶ್ಶಬ್ದಕ್ಕೆ ನಾನು 6, 8, 5 ಕೊಟ್ಟಿದ್ದೆ. ಸಿಗುತ್ತಿರುವುದು ಕನಿಷ್ಠಕ್ಕಿಂತಲೂ ಕೆಳಗೆ ಎಂದರೆ ಮೊದಲು ಅಲ್ಲಿಗೇ ಕೈ ಹಾಕಬೇಕು ಎಂದರ್ಥ. ಗುಂಪಾಗಿ ಚರ್ಚಿಸುವವರ ಮೇಜುಗಳು ಬೇರೆ ಕೋಣೆಗೆ ಹೋದವು.

ಓದುಗರ ಪ್ರಶ್ನೆಗಳಿಗೆ ಮಾಹಿತಿ ಹುಡುಕಿಕೊಡುವ ಪರಾಮರ್ಶನ ವಿಭಾಗದ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಅಲ್ಲಿ ದಿನಕ್ಕೆ ಎಷ್ಟು ಪ್ರಶ್ನೆ ಬಂತು ಎಂದು ಲೆಕ್ಕ ಇಡುತ್ತಾರೆ. ಶೌಚಾಲಯ ಎಲ್ಲಿ ಎಂದು ಕೇಳಿದರೂ ಒಂದು ಗೆರೆ, ಹಳೆಯ ವರದಿಯೊಂದರ ಜಾಡು ಹಿಡಿದು ಅಲ್ಲಿನ ಮೇಡಂ ನನ್ನ ಜೊತೆ ಒಂದು ಗಂಟೆ ಕೂತರೂ ಒಂದೇ ಗೆರೆ. ಅವರು ಈಗ ಮಾತಾಡುತ್ತಲೇ ಆಗಾಗ ಕಾಯುತ್ತಿರುವವರ ಸಾಲಿನ ಕಡೆ ನೋಡುತ್ತಾರೆ. ಆ ನೋಟ ಮೊದಲು ಇರಲಿಲ್ಲ. ಎಣಿಸಲು ಸುಲಭವಾದದ್ದನ್ನಷ್ಟೇ ಎಣಿಸಿದರೆ ಹೀಗಾಗುತ್ತದೆ. ಗ್ರಂಥಾಲಯಗಳಿಗೆಂದೇ ಇರುವ ಐಎಸ್‌ಒ 11620ರಲ್ಲಿ, ಕೊಟ್ಟ ಉತ್ತರಗಳಲ್ಲಿ ಸರಿಯಾದವು ಎಷ್ಟು ಎಂದು ಅಳೆಯುವ ಸೂಚಕವೂ ಇದೆ. ಅದನ್ನು ಸೇರಿಸಿ, ಒಂದು ಪ್ರಶ್ನೆಗೆ ಹಿಡಿದ ಹೊತ್ತನ್ನೂ ದಾಖಲಿಸಿ ಎಂದು ಬರೆದುಕೊಟ್ಟಿದ್ದೇನೆ. ಮುಂದಿನ ಪರಿಶೀಲನಾ ಸಭೆಯಲ್ಲಿ ಇಡುತ್ತೇವೆ ಎಂಬ ಉತ್ತರ ನಾಲ್ಕೇ ದಿನದಲ್ಲಿ ಬಂತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಆ ಮೇಡಂ ಮೇಜಿಗಾಗಿ ಇಟ್ಟುಕೊಂಡಿದ್ದೇನೆ.