ಚಾರಣ ಮುಗಿಸಿ ಫೇವಾ ದಂಡೆಗೆ: ಪೋಖರಾದಲ್ಲಿ ರೂಮು ಹಿಡಿಯುವ ಮುನ್ನ ಕಾಲಿನ ಮಾತು ಕೇಳಿ

ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪ್ ಚಾರಣ ಮುಗಿಸಿ, ಫೇವಾ ಕೆರೆಯ ದಂಡೆಯ ಪೋಖರಾಕ್ಕೆ ಇಳಿದವರು ರಿಸೆಪ್ಶನ್ನಿನಲ್ಲಿ ಮೊದಲು ಕೇಳುವುದು ‘ಲೇಕ್ ವ್ಯೂ, ಟಾಪ್ ಫ್ಲೋರ್’ ರೂಮು. ಅಲ್ಲೇ ಎಡವುತ್ತಾರೆ. ಕೆರೆದಂಡೆಯ ಲೇಕ್‌ಸೈಡ್ ಬೀದಿಯ ಸಣ್ಣ ಹೋಟೆಲುಗಳು ಮೂರು, ನಾಲ್ಕು ಮಹಡಿಯವು, ಹಲವಕ್ಕೆ ಲಿಫ್ಟ್ ಇಲ್ಲ. ಬೇಸ್ ಕ್ಯಾಂಪ್ ಇರುವುದು 4,130 ಮೀಟರ್ ಎತ್ತರದಲ್ಲಿ, ಇಳಿದು ಬರುವ ದಾರಿಯ ಝೀನು ಡಾಂಡಾ ಊರು 1,780ರಲ್ಲಿ. ಈ 2,350 ಮೀಟರ್ ಇಳಿತವನ್ನು ಸಾಮಾನ್ಯವಾಗಿ ಎರಡು ದಿನದಲ್ಲಿ ಮುಗಿಸುತ್ತಾರೆ, ಅದರಲ್ಲೂ ಬಹುಪಾಲು ಕಲ್ಲಿನ ಮೆಟ್ಟಿಲು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಎಳೆಗಳಿಗೆ ಪೆಟ್ಟು ಬೀಳುವುದು ಹತ್ತುವಾಗಿನದಕ್ಕಿಂತ ಆಗಲೇ ಹೆಚ್ಚು. ಆ ನೋವು ಅಂದೇ ಕಾಣಿಸುವುದಿಲ್ಲ. ಒಂದು ದಿನ ಕಳೆದ ಮೇಲೆ ಏರಿ, ಎರಡು ಮೂರನೇ ದಿನಕ್ಕೆ ಜೋರಾಗುತ್ತದೆ. ಬಂದ ಸಂಜೆ ಮೂರನೇ ಮಹಡಿಗೆ ಸರಸರ ಹತ್ತಿದವರೇ ಮರುದಿನ ತಿಂಡಿಗೆ ಕಂಬಿ ಹಿಡಿದು, ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಆದ್ದರಿಂದ ಲಿಫ್ಟ್ ಇದ್ದರೆ ಮೇಲೆ, ಇಲ್ಲದಿದ್ದರೆ ನೆಲಮಹಡಿ. ನೋಟ ಬೇಕೆನಿಸಿದಾಗ ದಿನಕ್ಕೊಮ್ಮೆ ತಾರಸಿಗೆ ಹೋದರಾಯಿತು.

ಇನ್ನು ಈ ‘ವ್ಯೂ’ ವಿಚಾರ. ಪೋಖರಾದ ಹೋಟೆಲ್ ಫೋಟೊಗಳಲ್ಲಿ ಕೆರೆ, ಅದರಲ್ಲಿ ಮಾಛಾಪುಚ್ಛ್ರೆ ಶಿಖರದ ಬಿಂಬ, ಮುಂದೆ ಕಾಫಿ ಕಪ್ಪು, ಮೂರೂ ಒಂದೇ ಚೌಕಟ್ಟಿನಲ್ಲಿರುತ್ತವೆ. ನಕಾಶೆ ಬೇರೆ ಹೇಳುತ್ತದೆ. ಹೋಟೆಲುಗಳ ಸಾಲು ಇರುವ ಬೈದಾಮ್, ಅಂದರೆ ಎಲ್ಲರೂ ಲೇಕ್‌ಸೈಡ್ ಎನ್ನುವ ಬೀದಿ, ಫೇವಾದ ಪೂರ್ವ ದಂಡೆಯಲ್ಲಿದೆ. ಅಲ್ಲಿಂದ ನೀರು ಪಶ್ಚಿಮಕ್ಕೆ, ಹಿಮಪರ್ವತ ಉತ್ತರಕ್ಕೆ. ಲೇಕ್ ವ್ಯೂ ಕಿಟಕಿಯಲ್ಲಿ ಸೂರ್ಯಾಸ್ತ ಸಿಗುತ್ತದೆ, ಎದುರು ದಡದ ಕಾಡು ಸಿಗುತ್ತದೆ, ಶಿಖರ ಸಿಗುವುದಿಲ್ಲ. ಶಿಖರ ಬೇಕಿದ್ದರೆ ಉತ್ತರಕ್ಕೆ ತೆರೆದ ಕಿಟಕಿ ಬೇಕು, ಮುಂದೆ ಇನ್ನೊಂದು ಕಟ್ಟಡ ಎದ್ದಿರಬಾರದು. ಲೇಕ್‌ಸೈಡಿನ ಉತ್ತರ ತುದಿಗೆ ಹೋದಷ್ಟೂ ಸರಾಂಗ್‌ಕೋಟ್ ಗುಡ್ಡವೇ ಅಡ್ಡ ಬಂದು ಶಿಖರಗಳನ್ನು ನುಂಗುತ್ತದೆ. ಫೋಟೊದ ಆ ಬಿಂಬ ಕಾಣುವುದು ಕೆರೆಯ ದಕ್ಷಿಣ ಮಗ್ಗುಲಿನಿಂದ: ಅನದು ಕಡೆಯ ದಂಡೆ, ಅಣೆಕಟ್ಟಿನ ಕಡೆಯ ಡ್ಯಾಮ್‌ಸೈಡಿನ ಕೆಲವು ಜಾಗ, ಹಗ್ಗ ಎಳೆದು ಸಾಗಿಸುವ ತೆಪ್ಪದಲ್ಲಿ ದಾಟಿ ಹೋಗುವ ಫಿಶ್ ಟೇಲ್ ಲಾಡ್ಜ್. ಅದೂ ಬೆಳಗಿನ ಜಾವ ಗಾಳಿ ಏಳುವ ಮುಂಚೆ ಮಾತ್ರ. ಒಂಬತ್ತು ಹತ್ತು ಗಂಟೆಗೆಲ್ಲ ಮೋಡ ಕಟ್ಟುವುದು ಮಾಮೂಲು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆಕಾಶ ಶುಭ್ರ. ಮಾರ್ಚ್, ಏಪ್ರಿಲಿನಲ್ಲಿ ಕಾಡ್ಗಿಚ್ಚಿನ ಹೊಗೆ ಸೇರಿ ಮಬ್ಬು. ಮಳೆಗಾಲದಲ್ಲಿ ಮೌಂಟನ್ ವ್ಯೂ ರೂಮಿಗೆ ಹೆಚ್ಚಿನ ದುಡ್ಡು ಕೊಡುವುದು ಮೋಡ ನೋಡಲಿಕ್ಕೆ. ಇನ್ನು, ಒಂದು ವಾರ ಆ ಶಿಖರಗಳ ಬುಡದಲ್ಲೇ ಮಲಗೆದ್ದು ಬಂದವರಿಗೆ ಅವನ್ನೇ ಮತ್ತೆ 25 ಕಿಲೋಮೀಟರ್ ದೂರದಿಂದ ನೋಡಲು ಎಷ್ಟು ಕೊಡಬಹುದು ಎಂಬುದೂ ಯೋಚಿಸುವ ಮಾತೇ.

‘ನೀರಿಗೆ ಅಂಟಿಕೊಂಡ ಹೋಟೆಲ್’ ಎಂಬ ವರ್ಣನೆಯನ್ನೂ ಅನುಮಾನದಿಂದಲೇ ಓದಿ. ದಂಡೆಯಿಂದ 65 ಮೀಟರಿನೊಳಗೆ ಕಟ್ಟಡ ಕೂಡದು ಎಂಬ ನಿಯಮದ ಜಗಳ ನೇಪಾಳದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಲೇಕ್‌ಸೈಡಿನಲ್ಲಿ ಹೋಟೆಲಿಗೂ ನೀರಿಗೂ ನಡುವೆ ಸಾಮಾನ್ಯವಾಗಿ ಒಂದು ರಸ್ತೆಯೋ ಕಾಲುದಾರಿಯೋ ಇರುತ್ತದೆ. ಅದೇನೂ ಕೊರತೆಯಲ್ಲ, ಆ ದಾರಿ ಸಮತಟ್ಟು, ನೋಯುವ ಕಾಲಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಡೀ ಊರಿನಲ್ಲಿಲ್ಲ.

ಯಾವ ಭಾಗದಲ್ಲಿ ಇಳಿಯುವುದು? ಸೆಂಟ್ರಲ್ ಲೇಕ್‌ಸೈಡಿನಿಂದ ಹಲ್ಲನ್ ಚೌಕದವರೆಗೆ ಎಲ್ಲ ಕೈಗೆಟಕುತ್ತದೆ: ಔಷಧಿ ಅಂಗಡಿ, ಎಟಿಎಂ, ಬಾಡಿಗೆಗೆ ತಂದ ಜಾಕೆಟ್ ವಾಪಸು ಕೊಡುವ ಅಂಗಡಿ. ಜೊತೆಗೆ ರಾತ್ರಿ ಬ್ಯಾಂಡು, ಡ್ರಮ್ಮು. ಬೆಟ್ಟದಲ್ಲಿ ಎಂಟು ಗಂಟೆಗೇ ಮಲಗಿ ರೂಢಿಯಾದವರಿಗೆ ಅದು ಶಿಕ್ಷೆ. ಬೀದಿಯಿಂದ ಒಳಗೆ, ಪೂರ್ವಕ್ಕೆ ಹೋಗುವ ಗಲ್ಲಿಗಳಲ್ಲಿ ಎರಡು ಮೂರು ಕಟ್ಟಡ ಹಿಂದಕ್ಕೆ ರೂಮು ಹಿಡಿದರೆ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ, ಬಾಡಿಗೆಯೂ. ಡ್ಯಾಮ್‌ಸೈಡ್ ಶಾಂತ, ಆದರೆ ಊಟಕ್ಕೆ ನಡೆಯಬೇಕು. ಉತ್ತರದ ಖಪೌಡಿ ಕಡೆ ಹಸಿರು ಹೆಚ್ಚು, ಹಗಲು ತಲೆಯ ಮೇಲೆ ಪ್ಯಾರಾಗ್ಲೈಡರುಗಳು. ಅನದು ದಂಡೆಯ ಹೋಟೆಲುಗಳಿಗೆ ದೋಣಿಯೇ ಸಲೀಸು. ಕೇಳಲಿಕ್ಕೆ ಚೆಂದ, ಆದರೆ ದಡದಿಂದ ರೂಮಿಗೆ ಎಷ್ಟು ಮೆಟ್ಟಿಲು ಎಂದು ಮೊದಲೇ ಕೇಳಿ, ಗುಡ್ಡದ ಇಳಿಜಾರಿನಲ್ಲಿ ಕಟ್ಟಿದವು ಅವು. ಗಲಾಟೆಯೇ ಬೇಡ ಎನ್ನುವವರು ಫೇವಾ ಬಿಟ್ಟು ಪೂರ್ವಕ್ಕೆ ಸುಮಾರು 15 ಕಿಲೋಮೀಟರಿನ ಬೇಗನಾಸ್ ಕೆರೆಗೆ ಹೋಗುವುದು ಮೇಲು. ಎರಡು ರಾತ್ರಿಗೆ ಬೇಗನಾಸ್, ನಾಲ್ಕು ರಾತ್ರಿಗೆ ಫೇವಾ: ಈ ಹಂಚಿಕೆಯಲ್ಲಿ ತಪ್ಪಿಲ್ಲ.

ರೂಮಿನೊಳಗೆ ನೋಡಬೇಕಾದದ್ದು ಹಾಸಿಗೆಗಿಂತ ಮೊದಲು ಬಚ್ಚಲು. ‘ಟ್ವೆಂಟಿಫೋರ್ ಅವರ್ ಹಾಟ್ ವಾಟರ್’ ಬೋರ್ಡು ಎಲ್ಲ ಕಡೆ ಇದೆ, ನೀರು ಬರುವ ಬಗೆ ಬೇರೆ ಬೇರೆ. ಸಣ್ಣ ಹೋಟೆಲುಗಳಲ್ಲಿ ತಾರಸಿಯ ಸೋಲಾರ್. ಬಿಸಿಲಿದ್ದ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಕುದಿನೀರು. ಸಂಜೆ ಆರೇಳಕ್ಕೆ ಇಡೀ ಹೋಟೆಲಿನ ಚಾರಣಿಗರು ಒಟ್ಟಿಗೆ ಸ್ನಾನಕ್ಕೆ ಇಳಿದರೆ ಟ್ಯಾಂಕ್ ಖಾಲಿ, ಬೆಳಗ್ಗೆ ಉಗುರುಬೆಚ್ಚಗೆ. ಕೇಳಬೇಕಾದ ಪ್ರಶ್ನೆ ‘ಬಿಸಿನೀರು ಇದೆಯಾ’ ಅಲ್ಲ, ‘ಸೋಲಾರಾ, ಕರೆಂಟಿನ ಗೀಸರಾ, ಗ್ಯಾಸಾ, ಮೋಡವಿದ್ದರೆ ಏನು ಗತಿ’. ಗ್ಯಾಸ್ ಗೀಸರ್ ಬಚ್ಚಲೊಳಗೇ ಕೂತಿದ್ದು, ಗಾಳಿಗೆ ಕಿಂಡಿ ಇಲ್ಲದಿದ್ದರೆ ಆ ರೂಮು ಬೇಡ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋಗುವ ಅಪಾಯ ಕತೆಯಲ್ಲ, ನಿಜ. ಬಕೆಟ್ ಇಟ್ಟಿರದಿದ್ದರೆ ಕೇಳಿ, ಕೊಡುತ್ತಾರೆ. ಅದು ಮೀಯಲಿಕ್ಕಷ್ಟೇ ಅಲ್ಲ: ನಲ್ಲಿಯ ತಣ್ಣೀರು ತುಂಬಿ ಹತ್ತು ಹದಿನೈದು ನಿಮಿಷ ಮೊಣಕಾಲಿನವರೆಗೆ ಇಳಿಬಿಟ್ಟು ಕೂತರೆ ಮೀನಖಂಡದ ಬಿಗಿತ ಸಡಿಲಾಗುತ್ತದೆ. ಒಡೆದ ಬೊಬ್ಬೆ ಇದ್ದವರು ಇದನ್ನು ಮಾಡಬಾರದು. ಕಮೋಡ್ ಇದೆಯೇ ಎಂದೂ ಖಾತ್ರಿ ಮಾಡಿಕೊಳ್ಳಿ. ಎರಡನೇ ದಿನದ ತೊಡೆ ಕುಕ್ಕರಗಾಲಿಗೆ ಒಪ್ಪುವುದಿಲ್ಲ.

ಬೊಬ್ಬೆಯ ವಿಷಯ ಬಂದದ್ದಕ್ಕೆ: ಒಡೆಯದೆ ಇದ್ದು ನೋಯದಿದ್ದರೆ ಹಾಗೇ ಬಿಡಿ. ಒತ್ತಿ ನೋಯುವಷ್ಟು ದೊಡ್ಡದಾಗಿದ್ದರೆ ಸೋಪು ನೀರಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮ ಕೀಳದೆ ಪಟ್ಟಿ ಹಾಕಿ. ಸಕ್ಕರೆ ಕಾಯಿಲೆ ಇರುವವರು ಮನೆವೈದ್ಯ ಬಿಟ್ಟು ಡಾಕ್ಟರಿಗೆ ತೋರಿಸಲಿ. ಮತ್ತೆ ಆ ಕಾಲನ್ನು ಫೇವಾದಲ್ಲಿ ಅದ್ದಬೇಡಿ. ಊರಿನ ಕೊಳಚೆ ಚರಂಡಿಗಳ ಮೂಲಕ ಈ ಕೆರೆಗೂ ಸೇರುತ್ತದೆ, ದಡದಂಚಿನ ಜಲಕುಂಭಿ ಕಳೆ ಅದಕ್ಕೇ ಸಾಕ್ಷಿ. ಎರಡೂ ಪಾದ ಊದಿಕೊಂಡಿದ್ದರೆ ಗಾಬರಿ ಬೇಡ, ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿದರೆ ಇಳಿಯುತ್ತದೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಮಸಾಜಿಗಲ್ಲ, ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆಯಲ್ಲೂ ಎಚ್ಚರ: ಮೈಯಲ್ಲಿ ನೀರು ಸಾಲದೆ ಮೂತ್ರ ಇನ್ನೂ ಗಾಢ ಹಳದಿಯಾಗಿದ್ದಾಗ ಐಬುಪ್ರೊಫೆನ್ ನುಂಗಿದರೆ ಕಿಡ್ನಿಗೆ ಹೊರೆ. ಮೊದಲು ನೀರು, ಉಪ್ಪು, ಊಟ.

ಮಸಾಜ್ ಪಾರ್ಲರುಗಳು ಹೆಜ್ಜೆಗೊಂದು. ಬಂದ ದಿನವೇ ‘ಡೀಪ್ ಟಿಶ್ಯೂ’ ಎಂದು ಹೇಳಿ ತುಳಿಸಿಕೊಳ್ಳುವುದು ಪೆಟ್ಟಾದ ಸ್ನಾಯುವಿನ ಮೇಲೆ ಇನ್ನೊಂದು ಪೆಟ್ಟು. ಹಗುರ ಕೈಯಿಂದ ತಿಕ್ಕಿಸಿಕೊಳ್ಳಿ, ಜೋರಿನದು ನಾಲ್ಕನೇ ದಿನಕ್ಕಿರಲಿ. ದೃಷ್ಟಿಯಿಲ್ಲದ ತರಬೇತಾದವರು ಮಾಡುವ ಸೀಯಿಂಗ್ ಹ್ಯಾಂಡ್ಸ್ ಪೋಖರಾದಲ್ಲೇ ಇದೆ. ಎಲ್ಲಿ ನೋವು ಎಂದು ಹೇಳಿ, ಎಲ್ಲಿ ಬೊಬ್ಬೆ ಎಂಬುದನ್ನು ಮರೆಯದೆ ಹೇಳಿ.

ಬಟ್ಟೆ ಕಿಲೋ ಲೆಕ್ಕದಲ್ಲಿ ಒಗೆದು ಕೊಡುತ್ತಾರೆ. ಬೆಳಗ್ಗೆ ಕೊಟ್ಟರೆ ಬಿಸಿಲಿದ್ದಾಗ ಸಂಜೆಗೆ ಸಿಗುತ್ತದೆ, ಮಳೆಯಲ್ಲಿ ಹಸಿವಾಸನೆಯೊಂದಿಗೆ ಎರಡು ದಿನಕ್ಕೆ. ಉಣ್ಣೆಯ ಕಾಲುಚೀಲ, ಗರಿ ತುಂಬಿದ ಜಾಕೆಟ್ಟನ್ನು ಆ ರಾಶಿಗೆ ಹಾಕಬೇಡಿ. ಬಿಸಿನೀರಿಗೆ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಗಂಟುಗಂಟಾಗುತ್ತದೆ. ಒದ್ದೆ ಬೂಟಿನ ಒಳಹಾಸು ತೆಗೆದು, ಒಳಗೆ ಪೇಪರ್ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ ನೆರಳಿನಲ್ಲಿಡಿ. ಹೀಟರಿನ ಮುಂದಿಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯ್ತೆರೆಯುತ್ತದೆ. ಬಾಲ್ಕನಿ ಇರುವ ರೂಮಿನ ನಿಜವಾದ ಲಾಭ ಇದು, ಸೂರ್ಯಾಸ್ತವಲ್ಲ. ಮಳೆಗಾಲದಲ್ಲಿ ಬಂದವರು ಬ್ಯಾಗನ್ನು ಹಾಸಿಗೆಯ ಮೇಲೆ ಸುರಿಯುವ ಮುಂಚೆ ಬಾಲ್ಕನಿಯಲ್ಲೇ ಕೊಡವಲಿ, ಇಂಬಳ ಜೊತೆಗೆ ಬಂದಿರುತ್ತದೆ.

ಊಟದಲ್ಲಿ ಥಕಾಲಿ ಸೆಟ್ಟಿಗೆ ಸಾಟಿಯಿಲ್ಲ: ಅನ್ನ, ಬೇಳೆ, ಸೊಪ್ಪು, ಪಲ್ಯ, ಹುಳಿಬಂದ ಒಣಸೊಪ್ಪಿನ ಗುಂದ್ರುಕ್, ಅಚಾರ್, ತುಪ್ಪ. ಅನ್ನ, ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ. ಎತ್ತರದಲ್ಲಿ ಸತ್ತಿದ್ದ ಹಸಿವು 800 ಮೀಟರಿನ ಪೋಖರಾದಲ್ಲಿ ಎದ್ದು ಕೂರುತ್ತದೆ, ಅದಕ್ಕೆ ಇದೇ ಸರಿ. ಹೋಟೆಲಿನ ಬಫೆ ತಿಂಡಿಗೆ ಬ್ರೆಡ್ಡು, ಜಾಮು, ಕಾರ್ನ್‌ಫ್ಲೇಕ್ಸು ಮಾತ್ರವಾದರೆ ಅದನ್ನು ಬಿಟ್ಟು ಬರೀ ರೂಮಿನ ದರ ಕೇಳಿ. ಪೆಟ್ಟಾದ ಸ್ನಾಯುವಿಗೆ ಮೊಟ್ಟೆ, ಮೊಸರು, ಕಾಳು ಬೇಕು. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: ಮೆನುವಿನ ‘ಬಫ್’ ಎಮ್ಮೆ, ಕೋಣದ ಮಾಂಸ. ವೆಜ್ ಮೊಮೊ ಕೂಡ ಅದೇ ಹಬೆಪಾತ್ರೆಯಲ್ಲಿ ಬೇಯುವುದುಂಟು, ವಿಚಾರಿಸಿ.

ಮಧ್ಯದ ಬಿಡುವಿನ ದಿನಕ್ಕೆ ಏಜೆಂಟರು ಕೊಡುವ ಪಟ್ಟಿಯಲ್ಲಿ ಶಾಂತಿ ಸ್ತೂಪ, ಸರಾಂಗ್‌ಕೋಟ್, ಪ್ಯಾರಾಗ್ಲೈಡಿಂಗ್ ಇರುತ್ತವೆ. ಸ್ತೂಪಕ್ಕೆ ದೋಣಿ ದಾಟಿ ಕಾಡುದಾರಿಯಲ್ಲಿ ಏರಬೇಕು. ಟ್ಯಾಕ್ಸಿಯಲ್ಲಿ ಹೋದರೂ ಕೊನೆಗೆ ಮೆಟ್ಟಿಲು ತಪ್ಪದು. ಪ್ಯಾರಾಗ್ಲೈಡಿಂಗಿನಲ್ಲಿ ಏರುವಾಗ ಓಡಬೇಕು, ಇಳಿಯುವಾಗ ಕಾಲು ಕೊಡಬೇಕು. ಎರಡನ್ನೂ ಕೊನೆಯ ದಿನಕ್ಕೆ ತಳ್ಳಿ. ದೋಣಿ, ಅಂದರೆ ಇಲ್ಲಿಯ ಡುಂಗಾ, ಧಾರಾಳವಾಗಿ ಹತ್ತಿ: ಕೌಂಟರಿನಲ್ಲಿ ದರಪಟ್ಟಿ ನೋಡಿ ಟಿಕೆಟ್ ಪಡೆದು, ಲೈಫ್ ಜಾಕೆಟ್ ಕಟ್ಟಿಕೊಂಡು, ಹುಟ್ಟು ಹಾಕುವವರನ್ನೂ ಸೇರಿಸಿಯೇ ಮಾತಾಡಿ. ನಡುಗಡ್ಡೆಯ ತಾಲ್ ಬಾರಾಹಿ ಗುಡಿಗೆ ಶನಿವಾರ ಜನಜಾತ್ರೆ, ಅದು ನೇಪಾಳದ ವಾರದ ರಜೆ.

ದುಡ್ಡಿನ ಲೆಕ್ಕ ಸಲೀಸು: ಭಾರತದ 1 ರೂಪಾಯಿಗೆ ನೇಪಾಳದ 1.60, ಅದು ಸ್ಥಿರ ದರ. ಎಡವುವುದು ಬೇರೆ ಕಡೆ. ಹೇಳಿದ ದರದಲ್ಲಿ 13 ಶೇಕಡ ವ್ಯಾಟ್ ಸೇರಿದೆಯೇ ಎಂದು ಕೇಳದಿದ್ದರೆ 5,000ದ ರೂಮು ಬಿಲ್ಲಿನಲ್ಲಿ 5,650 ಆಗುತ್ತದೆ. ಫೋನ್‌ಪೇ ಕ್ಯೂಆರ್ ಇರುವ ಹಲವು ಅಂಗಡಿಗಳಲ್ಲಿ 2024ರಿಂದ ನಮ್ಮ ಯುಪಿಐ ನಡೆಯುತ್ತದೆ (ಇದು ನೇಪಾಳದ ಫೋನ್‌ಪೇ ಜಾಲ, ನಮ್ಮ ಆ್ಯಪ್ ಬೇರೆ), ಆದರೂ ಕೈಯಲ್ಲಿ ನಗದು ಇರಲಿ. ಚಾರಣಕ್ಕೆ ಹೋಗುವ ಮುಂಚೆಯೇ ಇದೇ ಹೋಟೆಲಿನಲ್ಲಿ ಒಂದು ರಾತ್ರಿ ಇದ್ದು ಬೇಡದ ಲಗೇಜನ್ನು ಅಲ್ಲೇ ಬಿಟ್ಟು ಹೋಗುವುದು ಇಲ್ಲಿ ರೂಢಿ. ಚೀಟಿ ಬರೆಸಿಕೊಳ್ಳಿ, ಬೀಗ ಹಾಕಿ, ವಾಪಸು ಬರುವ ದಿನ ಒಂದೆರಡು ದಿನ ಹಿಂದೆಮುಂದೆ ಆದರೆ ಬುಕಿಂಗ್ ಸರಿಸುತ್ತಾರೆಯೇ ಎಂದು ಆಗಲೇ ಮಾತಾಡಿ. ಮಳೆ, ಹಿಮ, ಭೂಕುಸಿತ ಯಾವುದು ಬಂದರೂ ಬೆಟ್ಟದಿಂದ ಇಳಿಯುವ ದಿನ ಜಾರುತ್ತದೆ. ಹಣ ವಾಪಸಿಲ್ಲದ ಅಗ್ಗದ ಬುಕಿಂಗ್ ಆಗ ದುಬಾರಿ.

ಕಾಠ್ಮಂಡುವಿಗೆ ಬಸ್ಸಾದರೆ ಸುಮಾರು 200 ಕಿಲೋಮೀಟರಿಗೆ ಇಡೀ ಹಗಲು ಬೇಕು. ನಡುದಾರಿಯ ಪಕ್ಕದ ಸೀಟು ಹಿಡಿದು, ನಿಲ್ಲಿಸಿದಲ್ಲೆಲ್ಲ ಇಳಿದು ಓಡಾಡಿ. ವಿಮಾನವಾದರೆ ಎಡಗಡೆ ಕಿಟಕಿ ಕೇಳಿ, ಪರ್ವತ ಆ ಕಡೆ. ಗಡಿಯಾರವನ್ನು ಭಾರತದ ಸಮಯಕ್ಕಿಂತ 15 ನಿಮಿಷ ಮುಂದಿಟ್ಟುಕೊಂಡಿದ್ದೀರಾ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.